ಆರು ಗಂಟೆಗೆ ನಿಲ್ಲುವ ಆಟ

ಹೆಂಡತಿ, ಮಗಳು ಇಬ್ಬರೂ ಸೇರಿ ತನ್ನ ಕಿವಿ ಮೇಲೆ ಹೂ ಇಡುತ್ತಿದ್ದಾರೆಯೇ? ಅಥವಾ ಬೆಕ್ಕು ನಿಜಕ್ಕೂ ಆಡುತ್ತದೆಯೇ? ಆಡುವುದಾದರೆ ಹನ್ನೊಂದು ದಿನಗಳಲ್ಲಿ ಒಂದು ಸಲವಾದರೂ ತನ್ನ ಕಣ್ಣಿಗೆ ಬೀಳಬಾರದಿತ್ತೇ?

ಅಂಗಡಿ, ಗೋದಾಮುಗಳಿಗೆ ಸಿಸಿ ಕ್ಯಾಮೆರಾ ಕೂರಿಸುವುದು ಅವನ ಕಸುಬು. ಏಣಿ ಹತ್ತಿ ಗೋಡೆ ಕೊರೆಯುವಾಗಲೂ ಇದೇ ಯೋಚನೆ ಅವನ ತಲೆ ಕೊರೆಯುತ್ತಿತ್ತು. ಬೆಕ್ಕನ್ನು ತಂದ ದಿನ ಪ್ರಾಣಿಗಳ ಆಶ್ರಯಧಾಮದ ಮೇಡಂ ಎರಡು ವಾರದ ಗಡುವು ಕೊಟ್ಟಿದ್ದರು. "ಆಡೋಕೆ ಶುರು ಮಾಡ್ತು ಅಂದ್ರೆ ನಿಮ್ಮನೆ ಒಪ್ಪಿಕೊಳ್ತು ಅಂತ. ಇಲ್ಲಾಂದ್ರೆ ವಾಪಸ್ ತಂದುಬಿಡಿ. ಪಾಪ, ಹೆದರಿಕೊಂಡೇ ಬದುಕೋದು ಬೇಡ."

ಅವನಿಗೆ ಕಂಡದ್ದು ಬೀರುವಿನ ಅಡಿಯಲ್ಲಿ ಹೊಳೆಯುವ ಎರಡು ಕಣ್ಣು ಮಾತ್ರ. ಮೊದಲ ದಿನವೇ ಮಗಳು ಅದಕ್ಕೆ ಗುಮ್ಮಣ್ಣ ಎಂದು ಹೆಸರಿಟ್ಟಿದ್ದಳು.

"ಭಾನುವಾರ ಬಿಟ್ಟು ಬರ್ತೀನಿ," ಎಂದ.

"ಅಪ್ಪಾ, ಅದು ಆಡುತ್ತೆ! ದಾರ ಎಳೆದ್ರೆ ಪಲ್ಟಿ ಹೊಡೆಯುತ್ತೆ!"

"ನನ್ನೆದುರಿಗೆ ಹೊಡೀಲಿ, ನೋಡೋಣ."

"ನೀವಿಲ್ಲದಾಗ ಆಡುತ್ತೆ ಕಣ್ರೀ." ಹೆಂಡತಿ ತಟ್ಟೆ ತೊಳೆಯುತ್ತಿದ್ದವಳು ತಿರುಗಿ ನೋಡದೆ ಹೇಳಿದಳು.

"ಓಹೋ, ನಾನು ಬರೋ ಹೊತ್ತು ಅದಕ್ಕೆ ಗೊತ್ತು! ಗಡಿಯಾರ ಕಟ್ಟಿದ್ದೀರಾ ಅದರ ಕೈಗೆ?"

ದನಿ ಏರಿತ್ತು. ಮಾತು ಅಲ್ಲಿಗೇ ನಿಂತಿತು. ಆ ಮನೆಯಲ್ಲಿ ಮಾತು ನಿಲ್ಲುತ್ತಿದ್ದುದೇ ಹಾಗೆ. ಅವನು ಯಾರ ಮೇಲೂ ಕೈ ಎತ್ತಿದವನಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ಮರುದಿನ ಬೆಳಿಗ್ಗೆ, ಇಬ್ಬರೂ ಏಳುವ ಮುಂಚೆ, ಬೆಂಕಿಪೊಟ್ಟಣದಷ್ಟು ಪುಟ್ಟ ಕ್ಯಾಮೆರಾವೊಂದನ್ನು ಕಪಾಟಿನ ಮೇಲೆ ಹಳೆಯ ಪುಸ್ತಕಗಳ ನಡುವೆ ಇಟ್ಟು ಹೊರಟ. ಶನಿವಾರ ತನ್ನ ಅಂಗಡಿಯ ಶಟರ್ ಅರ್ಧ ಎಳೆದು ಕೂತು ಹಿಂದಿನ ದಿನದ ದೃಶ್ಯವನ್ನು ಮೊಬೈಲಿನಲ್ಲಿ ಹಾಕಿ ನೋಡಿದ. ಅದರಲ್ಲಿ ಸದ್ದಿರಲಿಲ್ಲ.

ನಾಲ್ಕು ಗಂಟೆಗೆ ಮಗಳು ನೆಲದ ಮೇಲೆ ದಾರ ಎಳೆದಳು. ಬೆಕ್ಕು ಹೊಟ್ಟೆ ನೆಲಕ್ಕೆ ತಾಗಿಸಿ, ಹಿಂಭಾಗ ಅಲ್ಲಾಡಿಸಿ, ಚಂಗನೆ ನೆಗೆದು ದಾರದ ಸಮೇತ ಉರುಳಿತು. ಹೆಂಡತಿ ಪರದೆಯ ಹಿಂದೆ ಅಡಗಿ ಕಾಲಿನ ಹೆಬ್ಬೆರಳು ತೋರಿಸಿದಳು. ಬೆಕ್ಕು ಅದನ್ನೇ ಹಿಡಿಯಿತು. ಅವಳು ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಯಾವಾಗ ನೋಡಿದ್ದೆ ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಹಾಗಾದರೆ ಸುಳ್ಳಲ್ಲ. ಅಲ್ಲಿಗೇ ಮುಗಿಸಬಹುದಿತ್ತು. ಮುಗಿಸಲಿಲ್ಲ.

ಐದು ಐವತ್ತೆರಡಕ್ಕೆ ಬೆಕ್ಕು ಎತ್ತಿದ ಕಾಲನ್ನು ಎತ್ತಿದಂತೆಯೇ ನಿಂತಿತು. ಕಿವಿಗಳು ಬಾಗಿಲ ಕಡೆ ತಿರುಗಿದವು. ಮರುಕ್ಷಣ ಅದು ಬೀರುವಿನ ಅಡಿ ಸೇರಿತು. ಅಮ್ಮ, ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಮಗಳು ದಾರ ಸುತ್ತಿ ದಿಂಬಿನ ಕೆಳಗೆ ತಳ್ಳಿ ಪುಸ್ತಕ ಬಿಡಿಸಿಕೊಂಡಳು. ಹೆಂಡತಿ ಪರದೆ ಸರಿಮಾಡಿ, ಕುರ್ಚಿ ಜರುಗಿಸಿ, ಕೂದಲು ಕಟ್ಟಿಕೊಂಡಳು. ಯಾರ ತುಟಿಯೂ ಅಲ್ಲಾಡಲಿಲ್ಲ. ಬಹಳ ದಿನದಿಂದ ರೂಢಿಯಾದ ಕೆಲಸದಂತಿತ್ತು. ಬೆಕ್ಕು ಮನೆಗೆ ಬಂದು ಇನ್ನೂ ಎರಡು ವಾರವೂ ಆಗಿರಲಿಲ್ಲ.

ಆರಕ್ಕೆ ಸರಿಯಾಗಿ ಬಾಗಿಲ ಹಿಡಿ ತಿರುಗಿತು. ಬರುವವನು ಎಂಥವನೆಂಬುದನ್ನು ಕಾಯುವವರ ಭುಜ ನೋಡಿ ಹೇಳಬಲ್ಲವನು ಅವನು. ಅಂಗಡಿಗಳ ಇಂಥ ದೃಶ್ಯ ನೋಡಿ ನೋಡಿ ಕಸುಬು ಕಲಿಸಿದ ವಿದ್ಯೆ. ಒಂದು ಕ್ಷಣ ಅವನಿಗೇ ಆ ಬಾಗಿಲು ತೆರೆಯದಿದ್ದರೆ ಸಾಕೆನಿಸಿತು.

ತೆರೆಯಿತು. ಚೀಲ ನೆಲಕ್ಕೆ ಬಿತ್ತು. ಒಳಗೆ ಬಂದವನು ಅವನೇ.

ಅವನು ಮೇಡಂಗೆ ಫೋನು ಮಾಡಿದ. "ಚೆನ್ನಾಗಿ ಆಡುತ್ತೆ ಮೇಡಂ. ನಮ್ಮಲ್ಲೇ ಇರಲಿ."

ಆ ಸಂಜೆ ಮೆಟ್ಟಿಲಲ್ಲೇ ಚಪ್ಪಲಿ ಬಿಟ್ಟು, ಕೀಲಿಯನ್ನು ನಿಧಾನವಾಗಿ ತಿರುಗಿಸಿದ. ಒಳಗೆ ಕುರ್ಚಿಗಳು ಆಗಲೇ ಸರಿಯಾಗಿದ್ದವು.

"ಗುಮ್ಮಣ್ಣ ಇಲ್ಲೇ ಇರ್ತಾನೆ ಪುಟ್ಟಿ."

ಮಗಳು ಮೊದಲು ಅಮ್ಮನ ಮುಖ ನೋಡಿದಳು.

"ಅದು ಆಡೋದನ್ನ ನೀವು ನೋಡೇ ಇಲ್ವಲ್ಲ?" ಎಂದಳು ಹೆಂಡತಿ, ಮೆಲ್ಲಗೆ.

"ನೀವಿಬ್ರೂ ಹೇಳಿದ್ರಲ್ಲ."

ಅವನು ಬೀರುವಿನ ಮುಂದೆ ಕೂತು ದಾರ ಎಳೆದ. ಎರಡು ಕಣ್ಣು ಅಲುಗಾಡಲಿಲ್ಲ. ಪುಸ್ತಕಗಳ ನಡುವಿನ ಕ್ಯಾಮೆರಾ ಇನ್ನೂ ಅಲ್ಲೇ ಇತ್ತು.

ಬಾಗಿಲು ತೆರೆಯುವ ಮುಂಚಿನ ಆ ಎಂಟು ನಿಮಿಷ ನೋಡಿದೆನೆಂದು ಅವನು ಎಂದೂ ಹೇಳಲಿಲ್ಲ.