ಹೊಸ ಕಾರ್ಡಿನ ಕರಿದಾರ

ತೂಗುತ್ತಿದೆ, ಬಸ್ಸಿನ ಕನ್ನಡಿಗೆ ಕಟ್ಟಿದ ಕರಿದಾರ, ತುದಿಗೊಂದು ಒಣಗಿದ ನಿಂಬೆಹಣ್ಣು, ಕುಲುಕಿದರೆ ಆಚೆ, ಬ್ರೇಕು ಹಿಡಿದರೆ ಈಚೆ — ತೆಕ್ಕಲಕೋಟೆ ದಾಟಿತು, ಇನ್ನು ಸಿರುಗುಪ್ಪ, ತೊಡೆಯ ಮೇಲೆ ಬಳ್ಳಾರಿಯಿಂದ ತಂದ, ಕಂಪ್ಯೂಟರಿಗೆ ಕರೆಂಟು ಕೊಡುವ ಪವರ್ ಸಪ್ಲೈ ಡಬ್ಬಿ, ಇದನ್ನು ಹಾಕಿದ ಮೇಲೂ ಗೇಮ್ ತಡವರಿಸಿದರೆ ಕಂಪ್ಯೂಟರನ್ನೇ ತುಂಗಭದ್ರೆಗೆ ಎಸೆಯುತ್ತೇನೆ, ಥೂ, ಹಳೆಯ ಗ್ರಾಫಿಕ್ಸ್ ಕಾರ್ಡಿನಲ್ಲೇ ನೆಟ್ಟಗೆ ಓಡುತ್ತಿತ್ತು, ಹೊಸದು ಹಾಕಿದ್ದೇ ತಡ, ಶುರುವಿನಲ್ಲಿ ನುಣುಪು, ಆಮೇಲೆ ಎಳೆದಾಟ, ಬಂದೂಕು ಎತ್ತುವಷ್ಟರಲ್ಲಿ ನಾನೇ ಸತ್ತಿರುತ್ತೇನೆ, ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದೆ, ಮಾನಿಟರಿನ ಕೇಬಲ್ ಕಿತ್ತು ಮತ್ತೆ ಚುಚ್ಚಿದೆ, ಊಹೂಂ — ಡಬ್ಬಿ ಕೊಟ್ಟ ಅಂಗಡಿಯ ಭೀಮರಾಜ ಕೇಳಿದ, ಕಾರ್ಡಿನ ಫ್ಯಾನು ಸದ್ದು ಮಾಡತೈತೇನ್ರಿ ಮೇಡಂ, ಒಂಚೂರೂ ಇಲ್ಲ, ಹೊಸದಲ್ಲವೇ ಎಂದೆ ಜಂಬದಿಂದ, ಅವನು ಯಾಕೋ ನನ್ನ ಮುಖ ನೋಡಿದ, ಅಷ್ಟರಲ್ಲಿ ಬೇರೆ ಗಿರಾಕಿ ಬಂದರು, ನಾನೂ ಬಸ್ಸಿಗೆ ಓಡಿದೆ.

ಅವ್ವನಿಗೆ ಗುಳಿಗೆ ಕೊಟ್ಟೇ ಬಂದಿದ್ದೇನೆ, ಮಲಗಿರುತ್ತಾಳೆ, ಸೊಂಟ ಮುರಿದಾಗಿನಿಂದ ಆ ಮಂಚವೇ, ಮಂಚದ ಪಕ್ಕದಲ್ಲೇ ನನ್ನ ಕಂಪ್ಯೂಟರ್, ಇರುವುದೊಂದೇ ಕೋಣೆ, ಎದ್ದು ಬಾಗಿಲು ತೆಗೆಯಲಾರಳು, ಹೊರಗಿನಿಂದ ಬೀಗ ಹಾಕಿಕೊಂಡು ಬಂದೆ, ರೈಸ್ ಮಿಲ್ಲಿನ ಧೂಳಿಗೆ ಕಿಟಕಿಯೂ ಮುಚ್ಚಿದೆ, ಗೇಮ್ ಮಾತ್ರ ಓಡುತ್ತಲೇ ಇರಲಿ, ಎಲ್ಲಿ ತಡವರಿಸುತ್ತದೆ ಎಂದು ರೆಕಾರ್ಡ್ ಆಗಲಿ ಎಂದು ಬಿಟ್ಟು ಬಂದೆ, ಹೊರಡುವಾಗ ಅವ್ವ, ಏನೋ ಸುಟ್ಟ ವಾಸನಿ ಬರತೈತಲ್ಲೇ ಶೀಲಿ, ಮಿಲ್ಲಿನವರು ಹೊಟ್ಟು ಸುಡಾಕತ್ಯಾರ ಬಿಡವ್ವ — ಈ ಅವ್ವನೋ, ಕಾರ್ಡ್ ಬಂದ ದಿನ ತೊಡೆಯ ಮೇಲೆ ಇಟ್ಟುಕೊಂಡು, ತಡಿಯೇ, ಹೊಸಾದು ಮನಿಗೆ ಬಂದೈತಿ, ಯಾರದರ ಕಣ್ಣು ಬಿದ್ದೀತು, ಕುರುಗೋಡು ದೊಡ್ಡಬಸಪ್ಪನ ವಿಭೂತಿ ಹಚ್ಚಿ, ಕರಿದಾರ ಕಟ್ಟಿ ಮೂರು ಗಂಟು ಹಾಕಿದಳು, ಬಾಲ ಉದ್ದ ಆತವ್ವ ಎಂದು ನಕ್ಕೆ, ಕತ್ತರಿಸಬ್ಯಾಡ, ಕಟ್ಟಿದ್ದು ಕತ್ತರಿಸಬಾರ್ದು, ಅವಳ ಸಮಾಧಾನಕ್ಕೆ ಹಾಗೇ ಕಂಪ್ಯೂಟರಿನೊಳಗೆ ಕೂರಿಸಿ ಮುಚ್ಚಿದೆ.

ಬಾಲ. ಫ್ಯಾನಿನ ಪಕ್ಕದಲ್ಲೇ. ಸದ್ದಿಲ್ಲ — ತಿರುಗಿದರಲ್ಲವೇ ಸದ್ದು, ದಾರ ರೆಕ್ಕೆಗೆ ಸುತ್ತಿಕೊಂಡು ಕಾರ್ಡನ್ನು ತಣಿಸುವ ಫ್ಯಾನು ನಿಂತೇ ಹೋಗಿದೆ, ಅವತ್ತಿನಿಂದ ಕುದಿಯುತ್ತಿದೆ ಆ ಕಾರ್ಡ್, ಈಗಲೂ, ಅವ್ವನ ತಲೆಯ ಹತ್ತಿರ, ಅಯ್ಯೋ ನನ್ನ ಬುದ್ಧಿಗಿಷ್ಟು, ಎತ್ತವ್ವ, ಫೋನ್ ಎತ್ತು, ರಿಂಗಾಗುತ್ತಿದೆ, ಎತ್ತುತ್ತಿಲ್ಲ, ಪಕ್ಕದ ಮನೆಯ ಜಡೆಮ್ಮತ್ತಿಗೆ ಹಚ್ಚಿದೆ, ಅತ್ತಿ, ನಮ್ಮನಿ ಕಡಿ ಒಂಚೂರು ನೋಡ್ರಿ, ಚಪ್ಪಲಿಯ ಸದ್ದು, ಅವ್ವನ ಹೆಸರು ಕೂಗುತ್ತಿದ್ದಾಳೆ, ಚನ್ನವೀರಮ್ಮಾ, ಚನ್ನವೀರಮ್ಮಾ, ಯಾರೂ ಓ ಅನ್ನುತ್ತಿಲ್ಲ — ಶೀಲಾ, ಬಾಗಲ ಸಂದ್ಯಾಗ ಹೊಗಿ ಬರಾಕತ್ತೈತಲ್ಲವ್ವಾ, ಒಡೀರಿ ಅತ್ತಿ, ಕಬ್ಬಿಣದ ಬಾಗಲು ಹೆಂಗ ಒಡೀಲಿ, ಬೀಗದಕೈ ಎಲ್ಲಿಟ್ಟೀಯವ್ವಾ, ಬೀಗದಕೈ — ಮುಷ್ಟಿ ಬಿಚ್ಚಿದೆ, ಇಲ್ಲೇ ಇದೆ, ನನ್ನ ಕೈಯಲ್ಲೇ, ಕಳೀಬ್ಯಾಡ ಅಂತ ಇದಕ್ಕೂ ಅವ್ವ ಕಟ್ಟಿದ ಕರಿದಾರ, ಮೂರು ಗಂಟು, ಬೆರಳಿಗೆ ಸುತ್ತಿಕೊಂಡು ಬಿಗಿದಿದೆ, ಉದ್ದ ಬಾಲದ ಕರಿದಾರ