ಸುಭದ್ರಾಬಾಯಿ ಭಾಲ್ಕಿಗೆ ಹೊರಟಿದ್ದಳು

"ಯಾರೂ ಇಳೀಬ್ಯಾಡ್ರಿ, ಎರಡ ಮಿನಿಟಿನ ಕೆಲಸ ಅದ" ಎಂದು ಕಂಡಕ್ಟರ್ ಕೂಗುತ್ತಿರುವಾಗಲೇ ಮೀರಾಬಾಯಿ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಬಸ್ಸಿನಿಂದ ಇಳಿದುಬಿಟ್ಟಳು. ಕಂಡಕ್ಟರುಗಳ ಎರಡು ಮಿನಿಟು ಎಷ್ಟು ಉದ್ದ ಇರುತ್ತದೆಂದು ಅರವತ್ತು ದಾಟಿದ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸಿನ ಮೂತಿಯಿಂದ ಹೊಗೆ ಏಳುತ್ತಿತ್ತು. ಡ್ರೈವರ್ ಬಾನೆಟ್ಟು ಎತ್ತಿ ಒಳಗೆ ಇಣುಕಿ, ಮಾತಾಡದೆ ಬೀಡಿ ಹಚ್ಚಿದ. ಅಲ್ಲಿಗೆ ಬಸ್ಸಿನ ಕತೆ ಮುಗಿಯಿತು.

ಹಲಬರ್ಗಾ ದಾಟಿ ಒಂದಿಷ್ಟು ದೂರ ಬಂದಿದ್ದರು. ಬೀದರ ಇನ್ನೂ ದೂರವಿತ್ತು. ಹನ್ನೊಂದೂವರೆ ಆಗಿತ್ತು, ಒಂದು ಗಂಟೆಗೆ ಅಕ್ಕನನ್ನು ಮಣ್ಣು ಮಾಡುವವರಿದ್ದರು. ಏಳು ವರ್ಷ ನೋಡದೆ ಬಿಟ್ಟ ಮುಖವನ್ನು ಪೆಟ್ಟಿಗೆ ಮುಚ್ಚುವುದರೊಳಗೆ ಒಂದು ಸಲ ನೋಡಬೇಕು. ಮೀರಾಬಾಯಿಗೆ ಬೇಕಾದದ್ದು ಇಷ್ಟೇ, ಆದರೆ ಇಷ್ಟಾದರೂ ಬೇಕಾಗಿತ್ತು.

ಚೀಲದೊಳಗೆ ಫೋನು ಬಡಿದುಕೊಂಡಿತು. ಮಗಳು ಎಸ್ತೇರ. ಔರಾದದಲ್ಲಿ ಟೀಚರಾಗಿದ್ದವಳು, ಸುದ್ದಿ ಕೇಳಿದ ಕೂಡಲೇ ಗಂಡನನ್ನು ಕರೆದುಕೊಂಡು ನಿನ್ನೆಯೇ ಬೀದರಿಗೆ ಬಂದಿದ್ದಳು.

"ಅವ್ವಾ, ಎಲ್ಲಿದ್ದಿ?"

"ಬಸ್ ಕೆಟ್ಟದ ಬೇ. ಹಲಬರ್ಗಾದ ಮುಂದ ನಿಂತೀನಿ. ಸ್ವಲ್ಪ ತಡೀ ಅನ್ನು ಅವರಿಗಿ."

"ಪಾಸ್ಟರಿಗೆ ಎರಡಕ್ಕ ಕಮಠಾಣದಾಗ ಮದುವಿ ಅದಂತ. ತಡಿಯಂಗಿಲ್ಲ ಅಂತಾರ. ಏನರೆ ಮಾಡು, ಬಾ ಅವ್ವಾ."

ಎಂಟು ಗಂಟೆಯ ಬಸ್ಸು ಹತ್ತಿದ್ದರೆ ಈ ಹೊತ್ತಿಗೆ ಅಕ್ಕನ ತಲೆಯ ಹತ್ತಿರ ಕೂತಿರುತ್ತಿದ್ದಳು. ಭಾಲ್ಕಿ ಬಸ್‌ಸ್ಟ್ಯಾಂಡಿಗೆ ಏಳೂವರೆಗೇ ಬಂದಿದ್ದಳು ಕೂಡ. ಎಂಟರ ಬಸ್ಸು ಬಂತು, ಹೋಯಿತು. ಒಂಬತ್ತರದೂ ಹೋಯಿತು. ಎರಡೂ ಹೆಚ್ಚುಕಡಿಮೆ ಖಾಲಿಯಾಗಿಯೇ ಹೋದವು. ಇವಳು ಕಲ್ಲಿನ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಹನ್ನೊಂದರದಕ್ಕೆ ಅದ್ಯಾವ ಪುಣ್ಯದಿಂದಲೋ ಕಾಲು ಎದ್ದವು, ಹತ್ತಿದಳು. ಅದೇ ಬಸ್ಸು ಇಲ್ಲಿ ಕೆಟ್ಟು ನಿಂತಿದೆ.

ರಸ್ತೆಯ ಆಚೆ ಬದಿಯಲ್ಲಿ ಬೀದರಿನಿಂದ ಭಾಲ್ಕಿಗೆ ಹೋಗುವ ಬಸ್ಸು ಬಂದು, ಕೆಟ್ಟ ಬಸ್ಸನ್ನು ನೋಡಿ ನಿಧಾನ ಮಾಡಿತು. ಜೊತೆಗೆ ಇಳಿದಿದ್ದ ಹೆಂಗಸೊಬ್ಬಳು, "ಬಾಯಿ, ಹೋಗೂದು ನಿಮ್ಮ ನಸೀಬದಾಗ ಇಲ್ಲ ಅಂತ ಕಾಣಸ್ತದ. ಇದರಾಗ ಹೊಳ್ಳಿ ಹೋಗಿಬಿಡ್ರಿ, ಬಿಸಲಾಗ ಯಾಕ ಸಾಯ್ತೀರಿ" ಅಂದಳು.

ಸೈತಾನನ ಕೆಲಸ ಇದು ಎನ್ನುವ ಮಾತು ಮೀರಾಬಾಯಿಯ ನಾಲಿಗೆಯ ತುದಿಗೆ ಬಂತು. ಅದು ಅವಳ ಮಾತಲ್ಲ, ಅಕ್ಕನದು. ಅವಳು ನುಂಗಿಕೊಂಡಳು. ಭಾಲ್ಕಿಯ ಬಸ್ಸಿಗೆ ಬೆನ್ನು ಮಾಡಿ ನಿಂತು, ಬೀದರಿನ ಕಡೆ ಹೋಗುವ ಗಾಡಿಗಳಿಗೆಲ್ಲ ಕೈ ಅಡ್ಡ ಮಾಡತೊಡಗಿದಳು.

*

ಔರಾದ ತಾಲೂಕಿನ ಚಿಂತಾಕಿಯಲ್ಲಿ ಅವರ ಅಪ್ಪ ಕಾಶೀರಾಮ ಕ್ರೈಸ್ತ ಸಭೆಯ ಗಂಟೆ ಬಾರಿಸುತ್ತಿದ್ದ. ಕೂಲಿ ಇದ್ದ ದಿನ ಕೂಲಿ, ಭಾನುವಾರ ಗಂಟೆ. ಕಾಲಿಗೆ ಮುಳ್ಳು ಚುಚ್ಚಿದರೂ ಸರಿ, ಎಮ್ಮೆ ಹಾಲು ಕೊಡದಿದ್ದರೂ ಸರಿ, ಇದು ಸೈತಾನನ ಕೆಲಸ, ಗದರಿಸಿ ಓಡಿಸಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದ. ಮೀರಾ ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಟ್ಟಳು. ಸುಭದ್ರಾ ಹಾಗಲ್ಲ, ಗಟ್ಟಿ ಹಿಡಿದಳು. ಹತ್ತು ವರ್ಷದವಳಿದ್ದಾಗ ಬಾವಿಯ ದಾರಿಯಲ್ಲಿ ಜಾರಿ ಬಿದ್ದು ಕೊಡ ಒಡೆದುಕೊಂಡಳು. ಬೇರೆ ಹುಡುಗಿಯಾಗಿದ್ದರೆ ಅಳುತ್ತಿತ್ತು. ಇವಳು ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ದಾರಿಯ ಕಡೆ ನೋಡಿ, "ಏ ಸೈತಾನ, ನಿನ್ನ ಮನಿ ಹಾಳಾಗಲಿ! ಊರಾಗ ಇಷ್ಟ ಕೊಡ ಅವ, ನಿನಗ ನಂದೇ ಕಾಣಿಸ್ತೇನು?" ಎಂದು ಬೈದಳು. ಬಾವಿಕಟ್ಟೆಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಉತ್ತಮನನ್ನು ಮದುವೆಯಾಗಿ ಬೀದರಿಗೆ ಬಂದ ಮೇಲೆ ಅವಳು ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದಳು. ಉತ್ತಮ ಅಲ್ಲೇ ವಾಚಮನ್. ಮಕ್ಕಳಾಗಲಿಲ್ಲ. ಅದಕ್ಕೂ ಸೈತಾನನಿಗೇ ಒಂದು ವರ್ಷ ಬೈದು, ಆಮೇಲೆ ಆ ಮಾತು ಎತ್ತುವುದನ್ನೇ ಬಿಟ್ಟಳು. ಹಾಸ್ಟೆಲ್ಲಿನಲ್ಲಿ ಅನ್ನ ಸೀದರೆ ಹುಡುಗಿಯರು ತಾಟು ಹಿಡಿದು ಬಂದು ಕಾಡುವರು: "ಸುಭದ್ರಾಬಾಯಿ, ಇವತ್ತ ಅವ ಬಂದಿದ್ನೇನ್ರಿ?"

"ಬಂದಿದ್ದವ್ವ. ಹಿಟ್ಟಿನ ಡಬ್ಬಿಯಾಗ ಅಡಗಿ ಕೂತಿದ್ದ. ಸೌಟಿಲೆ ನಾಕ ಕೊಟ್ಟು ಕಳಿಸೀನಿ, ಉಣ್ರಿ."

ಒಂದು ಸಲ ಕೆಲಸದ ಹೆಂಗಸು ಅರವತ್ತು ಮಂದಿಯ ಸಾರು ನೆಲಕ್ಕೆ ಚೆಲ್ಲಿಬಿಟ್ಟಳು. ವಾರ್ಡನ್ ಬಂದು ಯಾರು ಚೆಲ್ಲಿದ್ದು ಎಂದು ಗರ್ಜಿಸಿದರೆ, ಸುಭದ್ರಾಬಾಯಿ ಕೈ ಕಟ್ಟಿ ನಿಂತು, "ಸೈತಾನ ಚೆಲ್ಯಾನ್ರಿ" ಎಂದಳೇ ಹೊರತು ಬೇರೆ ಹೆಸರು ಹೇಳಲಿಲ್ಲ. ಅವಳ ಬೈಗುಳವೆಲ್ಲ ಅವನೊಬ್ಬನಿಗೇ ಖರ್ಚಾಗಿ, ಮನುಷ್ಯರಿಗೆಂದು ಏನೂ ಉಳಿಯುತ್ತಿರಲಿಲ್ಲ. ಅಂಥ ಅಕ್ಕ ಅವಳು. ಮೀರಾಬಾಯಿಗೆ ಸಿಟ್ಟಿದ್ದಾಗಲೂ ಇದು ನೆನಪಿತ್ತು, ಅದಕ್ಕೇ ಸಿಟ್ಟು ಇನ್ನಷ್ಟು ಉರಿಯುತ್ತಿತ್ತು.

*

ಕೊನೆಗೆ ನಿಂತದ್ದು ಶುಂಠಿ ಚೀಲ ಹೇರಿಕೊಂಡು ಹೊರಟಿದ್ದ ಒಂದು ಮೂರು ಗಾಲಿಯ ಟಂಟಂ. ಓಡಿಸುವವನು ಬಿಳಿ ಗಡ್ಡದ ಕುತುಬೋದ್ದೀನ. ಮಣ್ಣಿಗೆ ಹೊರಟವಳೆಂದು ಕೇಳಿದ್ದೇ ತಡ, ಮುಂದಿನ ಸೀಟಿನಲ್ಲಿದ್ದ ಟಿಫಿನ್ ಡಬ್ಬಿ ಎತ್ತಿ ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿಕೊಟ್ಟ.

"ಯಾರ್ರಿ ತೀರಿಕೊಂಡಿದ್ದು?"

"ಅಕ್ಕ."

"ಸಗೀ ಅಕ್ಕ?"

"ಒಡಹುಟ್ಟಿದಾಕಿ."

ಅವನು ನಾಲಿಗೆಯಲ್ಲಿ ಲೊಚಗುಟ್ಟಿ ಗಾಡಿಯ ಕಿವಿ ಹಿಂಡಿದ. ಅದೂ ಪಾಪ ಎಷ್ಟು ಓಡೀತು? ಶುಂಠಿಯ ಘಾಟಿಗೋ ಏನೋ ಮೀರಾಬಾಯಿಯ ಕಣ್ಣು ತುಂಬಿದವು. ಬೀದರ ಹತ್ತಿರ ಬಂತು ಎನ್ನುವಾಗ ರೈಲು ಗೇಟು ಅವರ ಮೂಗಿನ ಮುಂದೆಯೇ ಕೆಳಗಿಳಿಯಿತು. ಹನ್ನೆರಡೂ ಐವತ್ತು. ಇನ್ನು ಅವಳಿಂದ ತಡೆಯಲಾಗಲಿಲ್ಲ.

"ಸೈತಾನ! ಇವನ ಬಾಯಾಗ ಮಣ್ಣ ಬೀಳಲಿ! ಹೆಜ್ಜಿ ಹೆಜ್ಜಿಗಿ ಅಡ್ಡ ಬರ್ಲಾಕ ಹತ್ಯಾನ ನೋಡ್ರಿ."

ಕುತುಬೋದ್ದೀನ ಕಣ್ಣರಳಿಸಿ ಇವಳನ್ನೇ ನೋಡಿದ. "ಶೈತಾನಗ ಬ್ಯಾರೆ ಧಂದಾ ಇಲ್ಲೇನ್ರಿ ಅಮ್ಮಾ? ರೈಲ್ ಬರ್ತದ, ಗೇಟ್ ಹಾಕ್ಯಾರ. ಹೋದ ಮ್ಯಾಲ ತಗೀತಾರ. ಅಲ್ಲೀತನಕ ಕೂಡೂದು."

ಕೂತರು. ಗೂಡ್ಸ್ ಗಾಡಿ, ಮುಗಿಯುವ ಮಾತೇ ಇಲ್ಲ. ಡಬ್ಬಿಗಳನ್ನು ಎಣಿಸಲು ಹೋಗಿ ಮೀರಾಬಾಯಿ ಲೆಕ್ಕ ತಪ್ಪಿದಳು.

*

ಏಳು ವರ್ಷದ ಹಿಂದೆ ಎಸ್ತೇರ ತನ್ನ ಶಾಲೆಯ ರತ್ನದೀಪನನ್ನೇ ಮದುವೆಯಾಗುತ್ತೇನೆಂದು ಕೂತಳು. ಬೌದ್ಧರ ಹುಡುಗ, ನೌಕರಿ ಇದ್ದವನು, ಮಾತು ಕಡಿಮೆ. ಗಂಡ ಸತ್ತ ಹೆಂಗಸು ಮೀರಾಬಾಯಿ, ಯಾರ ಮುಂದೆ ಅತ್ತುಕೊಳ್ಳಬೇಕು? ಅಕ್ಕನಿಗೆ ಫೋನು ಮಾಡಿದಳು. ಅರ್ಧ ತಾಸು ಅತ್ತು, "ಯಾರ ಮುಂದೂ ಬಾಯಿ ಬಿಡಬ್ಯಾಡಕ್ಕ" ಎಂದು ಆಣೆ ಹಾಕಿಸಿಕೊಂಡಳು.

ಶುಕ್ರವಾರ ಬೀದರಿನ ಸಭೆಯಲ್ಲಿ ಉಪವಾಸ ಪ್ರಾರ್ಥನೆ. ಯಾರಿಗಾದರೂ ಪ್ರಾರ್ಥನೆಯ ವಿಷಯ ಇದ್ದರೆ ಎದ್ದು ಹೇಳಿರಿ ಎಂದು ಪಾಸ್ಟರ್ ಕೇಳಿದ್ದರು. ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ಮಗನ ಪರೀಕ್ಷೆ. ಸುಭದ್ರಾಬಾಯಿಯೂ ಎದ್ದಳು. ಅವಳ ಪಾಲಿಗೆ ಅದು ಜನರ ಮುಂದೆ ಬಾಯಿ ಬಿಟ್ಟಂತಲ್ಲ, ದೇವರ ಮುಂದೆ ಹೇಳಿದಂತೆ. "ಭಾಲ್ಕಿಯಾಗ ನನ್ನ ತಂಗಿ ಮೀರಾನ ಮನಿಯಾಗ ಸೈತಾನ ಹೊಕ್ಕಾನ. ನನ್ನ ಮಗಳು ಎಸ್ತೇರ, ಆಕಿನ್ನ ಬಿಡಿಸಲಾಕ ಎಲ್ಲಾರೂ ಮೊಣಕಾಲ ಊರ್ರಿ" ಎಂದು ಅತ್ತುಕೊಂಡೇ ಹೇಳಿದಳು. ಎಲ್ಲರೂ ಊರಿದರು. ಸಂಜೆಯ ಹೊತ್ತಿಗೆ ಭಾಲ್ಕಿಗೆ ನಾಲ್ಕು ಫೋನು ಬಂದವು: "ನಿಮ್ಮ ಮಗಳ ಸಲುವಾಗಿ ಪ್ರಾರ್ಥನಿ ಮಾಡೀವ್ರಿ, ಹುಡುಗ ಯಾರ ಪೈಕಿ?"

ಮೀರಾಬಾಯಿ ಅಕ್ಕನಿಗೆ ಫೋನು ಹಚ್ಚಿದಳು. "ನನ್ನ ಮನಿ ನಿನಗ ಸೈತಾನನ ಮನಿ ಆಯ್ತೇನು?"

"ಅಲ್ಲ ಮೀರಾ, ನಾ ಪ್ರೀತಿಲೇ..."

"ನಿನ್ನ ಪ್ರೀತಿ ನಿನ್ನ ಸಭೆಯಾಗೇ ಇಟ್ಕೋ. ನಾ ಸತ್ರೂ ನೀ ಬರಬ್ಯಾಡ, ನೀ ಸತ್ರೂ ನಾ ಬರಂಗಿಲ್ಲ."

ಬಾಯಿಂದ ಬಂದ ಮಾತು. ಒಂದು ವಾರದಲ್ಲೇ ಸಿಟ್ಟು ಇಳಿದಿತ್ತು. ಆದರೆ ಮೊದಲು ಯಾರು ಬರಬೇಕು ಎನ್ನುವುದು ಇಳಿಯಲಿಲ್ಲ. ಅಲ್ಲಿಂದ ಇಲ್ಲಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ.

*

ಕುತುಬೋದ್ದೀನ ಟಂಟಂ ಅನ್ನು ಸಮಾಧಿ ಸ್ಥಳದ ಗೇಟಿನವರೆಗೂ ತಂದು ನಿಲ್ಲಿಸಿದಾಗ ಒಂದೂ ಇಪ್ಪತ್ತೈದು. ಒಳಗಿನಿಂದ ಹಾಡು ಕೇಳುತ್ತಿತ್ತು. ಎಸ್ತೇರ ಓಡಿ ಬಂದು ತಾಯಿಯ ರಟ್ಟೆ ಹಿಡಿದುಕೊಂಡಳು.

"ಮುಚ್ಚಿಬಿಟ್ರು ಅವ್ವಾ. ಈಗ ಹತ್ತ ಮಿನಿಟ ಆಯ್ತು. ಮೊಳಿ ಹೊಡದ್ರು."

ಅಗೆದ ಕುಣಿಯ ಪಕ್ಕ, ಎರಡು ಹಗ್ಗದ ಮೇಲೆ ಪೆಟ್ಟಿಗೆ ಇತ್ತು. ಅಷ್ಟು ಚಿಕ್ಕ ಪೆಟ್ಟಿಗೆಯೊಳಗೆ ಅಕ್ಕ ಇದ್ದಾಳೆಂದು ಮೀರಾಬಾಯಿಗೆ ನಂಬಿಕೆಯಾಗಲಿಲ್ಲ. ಮಂದಿ ಸರಿದು ದಾರಿ ಬಿಟ್ಟರು. ಉತ್ತಮ ಮಣ್ಣಿನ ಗುಡ್ಡೆಯ ಬದಿಗೆ ಕೂತಿದ್ದವನು, ಇವಳನ್ನು ನೋಡಿ ಎದ್ದು ನಿಂತ.

"ಬಂದೇನವ್ವ ಮೀರಾ."

"ಭಾವಾ, ಹ್ಯಾಂಗಾಯ್ತು?"

"ಭಾಂಡಿ ತಿಕ್ಕಲಾಕ ಕೂತಿದ್ಲು. ಎದಿ ಹಿಡಕೊಂಡು ಗ್ವಾಡಿಗಿ ಒರಗಿದ್ಲು. ಮುಗೀತು." ಅವನು ಮುಖ ಒರೆಸಿಕೊಂಡ. "ನಿನ್ನ ಕಡಿ ಬರ್ಲಾಕ ಎಷ್ಟ ಸಲ ಹೊಂಟಾಳ ಗೊತ್ತೇನು ನಿನಗ?"

ಮೀರಾಬಾಯಿ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟಳು.

"ಒಂದ ಸಲ ಬಸ್‌ಸ್ಟ್ಯಾಂಡಿನ್ಯಾಗ ಚಪ್ಪಲಿ ಬಾರ ಹರೀತು. ಬರಿಗಾಲಿಲೇ ಮನಿಗಿ ಬಂದ್ಲು. ಸೈತಾನ ನಮ್ಮಿಬ್ಬರನ್ನ ಕೂಡಗೊಡವಲ್ಲ ಅಂದ್ಲು. ಮೋಚಿ ಅಲ್ಲೇ ಕೂತಿರ್ತಾನಲ್ಲ ಅಂದ್ರ ಕೇಳಲಿಲ್ಲ. ಇನ್ನೊಂದ ಸಲ ಬಸ್ಸಿನ್ಯಾಗ ಕೂತೇಬಿಟ್ಟಿದ್ಲು, ಟಾಯರ್ ಪಂಚರ್ ಆಯ್ತು. ಕೂತ ಮಂದಿ ಎಲ್ಲಾ ಹಿಂದಿನ ಬಸ್ಸಿಗಿ ಹೋದ್ರು, ಈಕಿ ಹೊಳ್ಳಿ ಬಂದ್ಲು. ತಲಿನೋವು ಬಂದ್ರ ಸೈತಾನ, ಮಳಿ ಬಂದ್ರ ಸೈತಾನ. ಹೋದ ಮಂಗಳವಾರನೂ ಸೀರಿ ಉಟ್ಟು ನಿಂತಿದ್ಲು. ಕರೆಂಟ್ ಹೋತು. ಕರೆಂಟ್ ಹೋದ್ರ ಬಸ್ಸಿಗೇನವ್ವ?" ಅವನು ನಕ್ಕಂತೆ ಮಾಡಿದ, ಅದು ಅಳುವಾಗಿ ಹೊರಬಂತು. "ಅಂಜಿಕಿ ಇತ್ತು ಆಕಿಗಿ. ನೀ ಬಾಗಲಾ ಮುಚ್ಚಿಬಿಟ್ರ ಅಂತ ಅಂಜಿಕಿ. ಅದನ್ನ ನನ್ನ ಮುಂದೂ ಹೇಳಲಿಲ್ಲ."

ಪಾಸ್ಟರ್ ಮಣಿಕಟ್ಟಿನ ಗಡಿಯಾರ ನೋಡಿಕೊಂಡು ಹಗ್ಗ ಹಿಡಿಯುವವರಿಗೆ ಕಣ್ಸನ್ನೆ ಮಾಡಿದರು.

"ಪೆಟ್ಟಿಗಿ ತಗೀರಿ" ಅಂದಳು ಮೀರಾಬಾಯಿ.

"ತಾಯಿ, ಪ್ರಾರ್ಥನಿ ಮುಗದದ, ಮೊಳಿ ಹೊಡದಾಗ್ಯದ. ಆಮ್ಯಾಲ ತಗಿಯೂ ಪದ್ಧತಿ ಇಲ್ರಿ. ಮ್ಯಾಲ ಆಕಿನ್ನ ನೋಡ್ತೀರಿ, ಸಮಾಧಾನ ತಗೋರಿ" ಎಂದರು ಪಾಸ್ಟರ್. ಕೆಟ್ಟ ಮನುಷ್ಯರೇನಲ್ಲ. ಆದರೆ ಕಮಠಾಣದಲ್ಲಿ ಅವರಿಗಾಗಿ ಮದುಮಕ್ಕಳು ಕಾಯುತ್ತಿದ್ದರು.

ಹಿಂದಿನಿಂದ ಒಬ್ಬ ಹೆಂಗಸು, "ನೋಡ್ರಿ, ಸೈತಾನ ಕಡೀ ಘಳಿಗ್ಯಾಗೂ ಮುಖ ನೋಡಗೊಡಲಿಲ್ಲ" ಎಂದು ನಿಟ್ಟುಸಿರು ಬಿಟ್ಟಳು.

ಮೀರಾಬಾಯಿ ಗಕ್ಕನೆ ತಿರುಗಿದಳು. "ಅವನ ಹೆಸರ ತಗೀಬ್ಯಾಡ್ರಿ. ಎಲ್ಲಾ ಅವನ ತಲಿಗೇ ಕಟ್ಟಿ ನಾವಿಬ್ರೂ ಮನಿಯಾಗ ಕೂತೀವಿ." ಆಮೇಲೆ ಉತ್ತಮನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಬೇಡಿಕೊಂಡಳು. "ಭಾವಾ, ನಿಮ್ಮ ಕಾಲ ಬೀಳ್ತೇನಿ."

ಉತ್ತಮ ಪೆಟ್ಟಿಗೆಯನ್ನು ನೋಡಿದ, ಪಾಸ್ಟರನ್ನು ನೋಡಿದ. "ತಗೀರಿ" ಅಂದ.

ಯಾರೂ ಮುಂದೆ ಬರಲಿಲ್ಲ. ಹೊಡೆದ ಮೊಳೆ ಕೀಳಲು ಯಾರಿಗೆ ಕೈ ಬಂದೀತು? ಎಲ್ಲರ ಹಿಂದೆ, ಬೇವಿನ ಮರದ ಹತ್ತಿರ ನಿಂತಿದ್ದ ಅಳಿಯ ರತ್ನದೀಪ ಅಂಗಿಯ ತೋಳು ಮಡಚಿಕೊಂಡು ಬಂದ. ಕುಣಿ ತೋಡಿದವರ ಹಾರೆ ಮಣ್ಣಿನಲ್ಲಿ ನಿಂತಿತ್ತು, ಕಿತ್ತುಕೊಂಡ. ಅವನಿಂದ ಎಸ್ತೇರಳನ್ನು ಬಿಡಿಸಲು ಮೊಣಕಾಲು ಊರಿದ್ದವರೆಲ್ಲ ಅಲ್ಲೇ ನಿಂತಿದ್ದರು, ಅವನು ಯಾರನ್ನೂ ನೋಡಲಿಲ್ಲ. ಹಾರೆಯ ತುದಿಯನ್ನು ಮುಚ್ಚಳದ ಸಂದಿಗೆ ಕೊಟ್ಟು, ಒಳಗಿನವರಿಗೆ ನೋವಾದೀತು ಎಂಬಂತೆ ಮೆಲ್ಲಗೆ ಮೀಟಿದ. ಮೊಳೆಗಳು ಒಂದೊಂದಾಗಿ ಕಿರುಗುಟ್ಟಿ ಎದ್ದವು. ಮುಚ್ಚಳದ ಆ ತುದಿ ಉತ್ತಮ ಹಿಡಿದ, ಈ ತುದಿ ಅವನು.

ಬಿಳಿ ಸೀರೆ, ಮೂಗಿನಲ್ಲಿ ಹತ್ತಿ, ಕೆನ್ನೆಗೆ ಯಾರೋ ಪೌಡರು ಹಚ್ಚಿದ್ದರು. ಅಕ್ಕನ ಕೂದಲು ಇಷ್ಟೊಂದು ಬೆಳ್ಳಗಾದದ್ದು ಮೀರಾಬಾಯಿಗೆ ಗೊತ್ತಿರಲಿಲ್ಲ. ಮಂಡಿಯೂರಿ ಕೂತು, ತಣ್ಣಗಿನ ಹಣೆಯ ಮೇಲೆ ಅಂಗೈ ಇಟ್ಟಳು.

"ಅಕ್ಕಾ, ಏನ ಮಾಡ್ಲಿ, ಆ ಬಸ್..." ಎಂದು ಶುರು ಮಾಡಿ ನಿಲ್ಲಿಸಿದಳು. ಮಂದಿ ಕಿವಿಗೊಟ್ಟು ನಿಂತಿದ್ದರು. ಕೇಳಿದರೆ ಕೇಳಲಿ.

"ಬಸ್ಸಿನ್ಯಾಗ ಜಾಗ ಇತ್ತಕ್ಕ. ಏಳು ವರ್ಷ ದಿನಾ ಜಾಗ ಇತ್ತು. ನಾನೇ ಹತ್ತಲಿಲ್ಲ."

ಆಮೇಲೆ ಅವಳಿಗೆ ಅಳು ಬಂತು. ಪಾಸ್ಟರ್ ಗಡಿಯಾರದ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡರು. ಮುಚ್ಚಳ ಭಾರವಿತ್ತು, ಆದರೂ ಯಾರೂ ಸಾಕು ಅನ್ನಲಿಲ್ಲ. ಮಧ್ಯಾಹ್ನದ ಬಿಸಿಲು ಸುಭದ್ರಾಬಾಯಿಯ ಮುಖದ ಮೇಲೆ ನೆಟ್ಟಗೆ ಬೀಳುತ್ತಿರುವುದನ್ನು ಕಂಡು ರತ್ನದೀಪ ತನ್ನ ಕಡೆಯ ತುದಿಯನ್ನು ಸ್ವಲ್ಪ ಮೇಲೆತ್ತಿ ವಾರೆ ಮಾಡಿದ. ಮುದುಕನಿಗೆ ತಿಳಿಯಿತು, ಅವನೂ ಎತ್ತಿದ. ಇಬ್ಬರೂ ಮುಚ್ಚಳವನ್ನು ಹಾಗೇ ಹಿಡಿದು ನಿಂತರು. ಅದರ ನೆರಳು ಅಕ್ಕತಂಗಿಯರಿಬ್ಬರ ಮೇಲೂ ಬಿತ್ತು.