ನುಂಗುವ ವ್ಯಾಯಾಮ

ಬಸ್ ಡಿಪೋದಲ್ಲಿ ಅವರಿಗೆ ಮೀಸೆ ಸಾಹೇಬರು ಎಂದೇ ಹೆಸರು. ಅವರು ಗೇಟಿನ ಹತ್ತಿರ ಬಂದರೆ ಸಾಕು, ಹರಟುತ್ತಿದ್ದ ಡ್ರೈವರುಗಳು ಟಯರು ಒದ್ದು ಗಾಳಿ ನೋಡುವವರ ಹಾಗೆ ನಟಿಸುತ್ತಿದ್ದರು. ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ ಕೊಟ್ಟಾಗ ಆ ಮೀಸೆ ಉದುರಿಹೋಯಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಇವರ ಗತ್ತಿಗೆ ಮೀಸೆಯ ಅಗತ್ಯವೇ ಇರಲಿಲ್ಲ.

ಕಾಯಿಲೆ ಹೋಯಿತು ಎಂದು ದೊಡ್ಡ ಡಾಕ್ಟರು ಕೈಕುಲುಕಿದರು. ಹೋಗುವಾಗ ಅದು ನುಂಗುವ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಮೂಗಿನಿಂದ ಹೊಟ್ಟೆಯವರೆಗೆ ಒಂದು ಸಣ್ಣ ಪೈಪು. ಹೆಂಡತಿ ಪುಡಿ ಕಲಸಿದ ಹಾಲನ್ನು ಸಿರಿಂಜಿಗೆ ತುಂಬಿ ಅದರೊಳಗೆ ನಿಧಾನವಾಗಿ ಬಿಡಬೇಕು.

ಆಸ್ಪತ್ರೆಯ ಥೆರಪಿಸ್ಟ್ ಹುಡುಗಿ ವ್ಯಾಯಾಮ ಹೇಳಿಕೊಟ್ಟಳು. ನಡೆಯುವುದು, ಕುರ್ಚಿಯಿಂದ ಎದ್ದು ಕೂರುವುದು, ಇವಕ್ಕೆಲ್ಲ ಸಾಹೇಬರ ತಕರಾರಿರಲಿಲ್ಲ. ತಕರಾರು ಬಂದದ್ದು ಗಂಟಲಿನ ವ್ಯಾಯಾಮಕ್ಕೆ. ಕೆನ್ನೆ ಉಬ್ಬಿಸಬೇಕು, ನಾಲಿಗೆಯನ್ನು ಗದ್ದದ ತನಕ ಚಾಚಬೇಕು, ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಉಗುಳು ನುಂಗಬೇಕು. ಹುಡುಗಿ ತಾನೇ ಮಾಡಿ ತೋರಿಸಿದಳು. ಹೆಂಡತಿಯ ಎದುರು ಎಂದೂ ಹಲ್ಲು ಬಿಟ್ಟು ನಗದಿದ್ದ ಸಾಹೇಬರು ಗೋಡೆ ನೋಡುತ್ತಾ ಕುಳಿತರು.

"ದಿನಾ ಮಾಡ್ಬೇಕು ಸರ್. ಬಿಟ್ರೆ ಗಂಟಲು ಬಿಗಿದುಕೊಳ್ಳತ್ತೆ, ಆಮೇಲೆ ಎಷ್ಟು ಒದ್ದಾಡಿದ್ರೂ ಬರಲ್ಲ. ಕೊನೆಗೆ ಹೊಟ್ಟೆಗೇ ಪೈಪು ಹಾಕ್ಬೇಕಾಗತ್ತೆ, ಅದು ಕಾಯಂ ಆಗ್ಬಿಡಬಹುದು," ಎಂದಳು ಹುಡುಗಿ. ಆಮೇಲೆ ಹೆಂಡತಿಯ ಕಡೆ ತಿರುಗಿದಳು. "ಅಮ್ಮಾ, ನೀವು ಸ್ವಲ್ಪ ಹಿಂದೆ ಬಿದ್ದು ಮಾಡಿಸಿ."

ಮೀಸೆ ಸಾಹೇಬರ ಹಿಂದೆ ಬಿದ್ದು ಮಾಡಿಸುವುದಂತೆ! ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಅವರು ದಿನವೂ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ಒಳಗಿನಿಂದ ಪೇಪರು ಮಗುಚುವ ಸದ್ದಷ್ಟೇ ಕೇಳುತ್ತಿತ್ತು. ಹೊರಬಂದು, ದಪ್ಪಗಾದ ದನಿಯಲ್ಲಿ, "ಆಯ್ತು," ಅನ್ನುತ್ತಿದ್ದರು. ಹುಡುಗಿ ಫೋನು ಮಾಡಿ ವಿಚಾರಿಸಿದಾಗ ಹೆಂಡತಿ, "ಹೂಂ ಕಣಮ್ಮ, ತಪ್ಪದೆ ಮಾಡ್ತಾರೆ," ಎಂದಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಸುಳ್ಳು ಹೊರಬಂತು.

ಹೆದರಿಕೆ ಒಂದು ಕಾರಣ, ನಿಜ. ಇನ್ನೊಂದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ. ಮದುವೆಯಾದಾಗಿನಿಂದ ಅವರು ಮೊದಲ ತುತ್ತು ಬಾಯಿಗಿಟ್ಟು ಮುಖ ಎತ್ತುವ ತನಕ ಅವಳು ಸೌಟು ಹಿಡಿದು ನಿಂತಿರುತ್ತಿದ್ದಳು. ಉಪ್ಪು ಕಮ್ಮಿ. ಅನ್ನ ಮುದ್ದೆ. ನಿಮ್ಮಮ್ಮ ಇದನ್ನೇ ಕಲಿಸಿದ್ದಾ? ತಗೊಂಡ್ಹೋಗಿ ನಾಯಿಗೆ ಹಾಕು. ಅವರು ಒಂದು ದಿನವೂ ಕೈ ಎತ್ತಿದವರಲ್ಲ. ಅಂಥ ನಾಲಿಗೆ ಇದ್ದವರಿಗೆ ಕೈ ಯಾಕೆ ಬೇಕು? ಈಗ ಹಾಲಿನ ಪುಡಿಗೆ ಹೆಸರಿಡಲು ಅವರಿಗೆ ರುಚಿಯೇ ತಿಳಿಯುತ್ತಿರಲಿಲ್ಲ. ಅವಳು ಹಸಿವಾದಾಗ, ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು, ಮನಸ್ಸು ಬಂದಷ್ಟು ಹಸಿಮೆಣಸಿನಕಾಯಿ ಹಾಕಿಕೊಂಡು ತಿನ್ನುತ್ತಿದ್ದಳು. ಅವರ ಬೆಲ್ಟಿಗೆ ಹೊಸ ಹೊಸ ತೂತು ಬೀಳುತ್ತಿದ್ದರೆ ಇವಳ ಕೆನ್ನೆ ತುಂಬಿಕೊಳ್ಳುತ್ತಿತ್ತು. ಕನ್ನಡಿ ನೋಡಿಕೊಂಡಾಗ ಅವಳಿಗೆ ಹಿಂಸೆಯಾಗುತ್ತಿತ್ತು, ಆದರೂ ಮಾರನೆಯ ದಿನ ಕುರ್ಚಿ ಕಿಟಕಿಯ ಪಕ್ಕಕ್ಕೇ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಅಂಗಡಿಗೆ ಹೋದವಳು ಚೀಲ ಮರೆತದ್ದು ನೆನಪಾಗಿ ಅರ್ಧ ದಾರಿಯಿಂದ ತಿರುಗಿ ಬಂದಳು. ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಸುರಿಯುತ್ತಿತ್ತು. ಸಾಹೇಬರು ಬನಿಯನ್ನಿನಲ್ಲಿ ಸಿಂಕಿನ ಮುಂದೆ ನಿಂತಿದ್ದರು. ಅವಳು ತಿಂದು ಬಿಟ್ಟ ತಟ್ಟೆಯಿಂದ ಬ್ರೆಡ್ಡಿನ ತುಂಡೊಂದನ್ನು ಎತ್ತಿ ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದರು. ಅಗಿದೇ ಅಗಿದರು. ನುಂಗಲು ಹೋದಾಗ ಕತ್ತಿನ ನರ ಉಬ್ಬಿತು, ಕೆಮ್ಮು ಬಂತು, ಎಲ್ಲವನ್ನೂ ಸಿಂಕಿಗೆ ಉಗಿದರು. ಕೆಮ್ಮಿದ ಸದ್ದು ಹೊರಗೆ ಕೇಳದಿರಲೆಂದು ನಲ್ಲಿಯನ್ನು ಇನ್ನಷ್ಟು ತಿರುಗಿಸಿದರು. ಆಮೇಲೆ ಮತ್ತೊಂದು ತುಂಡು ಎತ್ತಿಕೊಂಡರು.

ಅವಳು ಸದ್ದಾಗದಂತೆ ಹಿಂದೆ ಸರಿದು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಹಸಿದವನ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಸುಖಪಟ್ಟೆನಲ್ಲ, ನಾನೂ ಒಬ್ಬ ಮನುಷ್ಯಳಾ ಎಂದು ಅಳು ಉಕ್ಕಿಬಂತು.

ಮುಂದಿನ ಸಲ ಆಸ್ಪತ್ರೆಯಲ್ಲಿ ಹುಡುಗಿ ಒಂದು ಚಮಚ ನೀರು ಕೊಟ್ಟು ನೋಡಿದಳು. ನೀರು ಅಡ್ಡದಾರಿ ಹಿಡಿದು, ಕೆಮ್ಮಿ ಕೆಮ್ಮಿ ಸಾಹೇಬರ ಮುಖ ಕಪ್ಪಿಟ್ಟಿತು.

"ದಿನಾ ಮಾಡಿದ್ರೆ ಸ್ವಲ್ಪನಾದ್ರೂ ಸುಧಾರಿಸ್ಬೇಕಿತ್ತಲ್ಲ ಸರ್?"

ಸಾಹೇಬರು ಹೆಂಡತಿಯನ್ನು ದಿಟ್ಟಿಸಿದರು. ಕಂಡಕ್ಟರುಗಳ ಬಾಯಿ ಮುಚ್ಚಿಸುತ್ತಿದ್ದ ನೋಟ ಅದು. ಅವಳು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಮಾಡಿಲ್ಲಮ್ಮ. ಒಂದಿನಾನೂ ಮಾಡಿಲ್ಲ. ನಂಗೆ ಗೊತ್ತಿತ್ತು, ಗೊತ್ತಿದ್ದೂ ನಿಂಗೆ ಸುಳ್ಳು ಹೇಳ್ದೆ."

"ಅಯ್ಯೋ, ಯಾಕಮ್ಮಾ?"

"ಮನೆ ತಣ್ಣಗಿತ್ತು."

ಹುಡುಗಿಗೆ ಅರ್ಥವಾಗಲಿಲ್ಲ. ಸಾಹೇಬರಿಗೆ ಆಯಿತು, ಅವರ ನೋಟ ನೆಲಕ್ಕೆ ಇಳಿಯಿತು. ತಡವಾಗಿದೆಯೋ ಇಲ್ಲವೋ ತಾನು ಹೇಳಲಾರೆ, ಹೊಟ್ಟೆಗೆ ಪೈಪು ಹಾಕುವ ಮುಂಚೆ ಡಾಕ್ಟರ ಹತ್ತಿರ ಇನ್ನೂ ಸ್ವಲ್ಪ ಸಮಯ ಕೇಳುತ್ತೇನೆ ಎಂದಳು ಹುಡುಗಿ. ಒದ್ದೆ ಬಟ್ಟೆಯಲ್ಲಿ ನಾಲಿಗೆ ಹಿಡಿದು ಹೊರಗೆಳೆಯುವುದನ್ನೂ, ರೋಗಿ ಅದನ್ನು ಒಳಗೆಳೆದುಕೊಳ್ಳಬೇಕಾದದ್ದನ್ನೂ ತೋರಿಸಿದಳು. "ಪಾಪ ಅಂತ ಕೈ ಸಡಿಲ ಬಿಡ್ಬೇಡಿ. ಬಿಟ್ರೆ ಅವರಿಗೇ ನಷ್ಟ."

ಮನೆಗೆ ಬಂದು ಮಂಚದ ತುದಿಯಲ್ಲಿ ಕುಳಿತ ಮೇಲೆ ಸಾಹೇಬರು ಕೇಳಿದರು.

"ಇವಳೇ... ಅಷ್ಟು ಹೆದರ್ತಿದ್ಯಾ?"

"ಹೂಂ."

"ಈಗ?"

"ಈಗ್ಲೂ." ಅವಳು ಬಟ್ಟೆ ಹಿಂಡಿಕೊಂಡು ಬಂದು ಎದುರಿಗೆ ಕುಳಿತಳು. "ಎಲ್ಲಿ, ಚಾಚಿ."

ಅವರು ಕಣ್ಣು ಮುಚ್ಚಿ ಬಾಯಿ ತೆರೆದರು. ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು, ನಡುಗುತ್ತಿತ್ತು. ಅವಳು ಬಟ್ಟೆ ಸುತ್ತಿ ಬೆರಳಲ್ಲಿ ಹಿಡಿದಳು. ಇಷ್ಟೇನಾ ಇದು, ಇಷ್ಟಕ್ಕಾ ನಾನು ಸೌಟು ಹಿಡಿದು ನಡುಗುತ್ತಿದ್ದದ್ದು ಅನಿಸಿತು. ಇದಕ್ಕೆ ಬಲ ಬಂದರೆ ತುತ್ತಿನ ಜೊತೆಗೆ ಬೈಗುಳವೂ ಬರುತ್ತದೆ, ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಎಳ್ಕೊಳ್ಳಿ ಒಳಕ್ಕೆ."

ಅವರು ಎಳೆದರು. ಬೆರಳಿಗೆ ತಿಳಿದೂ ತಿಳಿಯದಷ್ಟು.

"ಇಷ್ಟೇನಾ?" ಅವಳ ದನಿ ಏರಿತು. ಈ ಮನೆಯಲ್ಲಿ ಅದು ಹಾಗೆ ಏರಿದ್ದು ಮೊದಲ ಸಲ. "ಡಿಪೋಗೆ ಡಿಪೋನೇ ಗಡಗಡ ಅಂತಿತ್ತು, ಈಗೇನಾಯ್ತು? ಎಳೀರಿ!"

ಮುಚ್ಚಿದ ಕಣ್ಣಂಚಿನಿಂದ ನೀರು ಇಳಿಯಿತು. ಮತ್ತೆ ಎಳೆದರು; ಈ ಸಲ ನಾಲಿಗೆ ಅವಳ ಹಿಡಿತದಿಂದ ಒಂಚೂರು ಜಾರಿತು. ಅವಳು ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತಿ, ಮೊದಲಿಗಿಂತ ಗಟ್ಟಿಯಾಗಿ ಹಿಡಿದಳು.